ಡಬ್ಬ ಖಾಲಿ ಹೋಗಬಾರದು, ಚಾಕಲೇಟ್ ಬಿಳಿ ಬರಬಾರದು

ಪ್ರಶ್ನೆ: ನನಗೆ 28 ವರ್ಷ. ಊರು ಸಕಲೇಶಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಮ್ಮ ಮೇಲಿನ ಮಹಡಿಯಲ್ಲಿ ಮಂಗಳೂರಿನ ಹುಡುಗನೊಬ್ಬ ಇದ್ದಾನೆ. ಹೋದ ಕ್ರಿಸ್ಮಸ್‌ಗೆ ಒಂದು ಸ್ಟೀಲ್ ಡಬ್ಬದ ತುಂಬ ಅವರಮ್ಮ ಮಾಡಿದ ಕುಸ್ವಾರ್, ಅಂದರೆ ಅವರ ಕ್ರಿಸ್ಮಸ್ ತಿಂಡಿ, ತಂದುಕೊಟ್ಟ. ಖಾಲಿ ಡಬ್ಬ ವಾಪಸ್ ಕೊಡಬಾರದು ಅಲ್ವಾ? ಹೊಸ ವರ್ಷಕ್ಕೆ ನಾನೇ ಚಾಕಲೇಟ್ ಮಾಡಿ ಅದೇ ಡಬ್ಬದಲ್ಲಿ ಕೊಟ್ಟೆ. ಮೂರನೇ ದಿನಕ್ಕೆ ಅದರ ಮೇಲೆಲ್ಲ ಬಿಳಿ ಬಂತು. ‘ಮಳೆಗಾಲದಲ್ಲಿ ನಮ್ಮೂರ ಗೋಡೆ ಹೀಗೇ ಇರೋದು’ ಅಂತ ನಕ್ಕ. ಆದರೆ ಒಂದೂ ಬಿಡದೆ ತಿಂದ. ಆಮೇಲಿಂದ ಆ ಡಬ್ಬ ಮೇಲೆ ಕೆಳಗೆ ಓಡಾಡುತ್ತಲೇ ಇದೆ. ಈಸ್ಟರಿಗೆ ಮಾರ್ಜಿಪಾನ್ ಮೊಟ್ಟೆ ಬಂತು, ನಾಗರ ಪಂಚಮಿಗೆ ತಂಬಿಟ್ಟು ಹೋಯಿತು, ಮೊಂತಿ ಹಬ್ಬಕ್ಕೆ ಪಾಯಸ ಬಂತು, ದೀಪಾವಳಿಗೆ ಕಜ್ಜಾಯ ಹೋಯಿತು. ಮೊನ್ನೆ ಮತ್ತೆ ಬಂದಿದೆ, ಒಳಗೆ ಅವನೇ ಕರಿದ ರೋಸ್ ಕುಕೀಸ್. ನಾವಿಬ್ಬರೂ ಗೇ ಅಂತ ಇಬ್ಬರಿಗೂ ಗೊತ್ತು, ಟೆರೇಸ್ ಮೇಲೆ ಅದನ್ನೆಲ್ಲ ಮಾತಾಡಿದ್ದೇವೆ. ಆದರೆ ಅವನ ಮೇಲೆ ನನಗೆ ಮನಸ್ಸಾಗಿದೆ ಅಂತ ಹೇಳಿಲ್ಲ. ಈ ಕ್ರಿಸ್ಮಸ್‌ಗೆ ಚಾಕಲೇಟ್ ಮಾಡಿ ಕೊಡೋಣ ಅಂತಿದ್ದೇನೆ. ಬಿಳಿ ಬರದ ಹಾಗೆ ಮಾಡೋದು ಹೇಗೆ? ಯಾವ ರುಚಿ ಹಾಕಲಿ? ಚಾಕಲೇಟ್ ನೋಡಿದರೆ ಅವನಿಗೆ ಅರ್ಥ ಆಗುತ್ತಾ, ಇಲ್ಲ ಬಾಯಿಬಿಟ್ಟು ಹೇಳಬೇಕಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಾಯಿಬಿಟ್ಟು ಹೇಳಬೇಕು, ಇಲ್ಲ ಬರೆದು ಕೊಡಬೇಕು. ಚಾಕಲೇಟ್ ಎಷ್ಟೇ ಚೆನ್ನಾಗಿ ಬಂದರೂ ಆ ಕೆಲಸ ಅದರ ಕೈಲಿ ಆಗುವುದಿಲ್ಲ. ನಾನು ಚಾಕಲೇಟ್ ಮಾಡುವುದನ್ನು ಹೇಳಿಕೊಟ್ಟು ಬದುಕುವವನು. ಚಾಕಲೇಟಿನ ಮೇಲೆ ನನಗೆ ತುಂಬ ನಂಬಿಕೆ ಇದೆ. ಆದರೂ ಈ ಮಾತು ಹೇಳುತ್ತೇನೆ.

ಜಪಾನಿನಲ್ಲಿ ಫೆಬ್ರವರಿ 14ರಂದು ಹೆಂಗಸರು ಗಂಡಸರಿಗೆ ಚಾಕಲೇಟ್ ಕೊಡುವ ರೂಢಿ ಇದೆ. ಅದರಲ್ಲಿ ಎರಡು ಬಗೆ. ಆಫೀಸಿನವರಿಗೆ, ಪರಿಚಯದವರಿಗೆ ಮರ್ಯಾದೆಗೆ ಅಂತ ಕೊಡುವುದು ‘ಗಿರಿ ಚೊಕೊ’. ಮನಸ್ಸು ಕೊಟ್ಟವರಿಗೆ ಕೊಡುವುದು ‘ಹೊನ್‌ಮೆ ಚೊಕೊ’, ಅದನ್ನು ಎಷ್ಟೋ ಜನ ಕೈಯಾರೆ ಮಾಡುತ್ತಾರೆ. ಒಂದು ತಿಂಗಳು ಬಿಟ್ಟು ಮಾರ್ಚ್ 14ಕ್ಕೆ ‘ವೈಟ್ ಡೇ’. ಅವತ್ತು ಗಂಡಸರು ತಿರುಗಿ ಕೊಡಬೇಕು. ಕೊಟ್ಟದ್ದು ಯಾವ ಬಗೆ ಅಂತ ಅಲ್ಲಿನವರು ನೋಡಿದ ಕೂಡಲೇ ಊಹಿಸಬಹುದು. ನಮ್ಮಲ್ಲಿ ಅಂಥ ರೂಢಿ ಇಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರತಿ ಆಫೀಸಿನಲ್ಲೂ ಎಲ್ಲರೂ ಎಲ್ಲರಿಗೂ ಚಾಕಲೇಟ್ ಕೊಡುತ್ತಾರೆ. ವಾಚ್‌ಮನ್ ಮಗುವಿಗೂ ಅದೇ, ಮ್ಯಾನೇಜರಿಗೂ ಅದೇ. ನಿಮ್ಮ ಡಬ್ಬವಂತೂ ಒಂದು ವರ್ಷದಿಂದ ಹಬ್ಬದ ತಿಂಡಿ ಹೊತ್ತು ಓಡಾಡಿದೆ. ಅದರೊಳಗೆ ಏನೇ ಹೋದರೂ ಒಳ್ಳೆಯ ನೆರೆಮನೆಯವರ ಲೆಕ್ಕಕ್ಕೇ ಜಮೆಯಾಗುತ್ತದೆ.

ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಮೊದಲ ಡಬ್ಬದಲ್ಲಿ ಬಂದದ್ದು ಅವರಮ್ಮ ಮಾಡಿದ ತಿಂಡಿ. ಈ ಸಲ ಬಂದದ್ದು ಅವರೇ ಕರಿದದ್ದು. ರೋಸ್ ಕುಕೀಸ್ ಕರಿದವರಿಗೆ ಗೊತ್ತು ಅದರ ಕಷ್ಟ. ಅಚ್ಚು ಎಣ್ಣೆಯಲ್ಲಿ ಸರಿಯಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಜಾಸ್ತಿ ಕಾದರೂ ಹಿಡಿಯುವುದಿಲ್ಲ. ಅಚ್ಚನ್ನು ಹಿಟ್ಟಿನೊಳಗೆ ಪೂರ್ತಿ ಮುಳುಗಿಸಿದರೆ ಹೂವು ಬಿಡಿಸಿಕೊಳ್ಳುವುದೇ ಇಲ್ಲ. ಮೊದಲ ನಾಲ್ಕಾರು ಹೂವು ಯಾವಾಗಲೂ ಹಾಳು. ಕೆಲಸ ಮುಗಿಸಿ ಬಂದು ಒಬ್ಬರೇ ಒಲೆ ಮುಂದೆ ನಿಂತು ಅದನ್ನು ಮಾಡಿದ್ದಾರೆ ಅಂದರೆ ನನಗಂತೂ ತುಂಬ ಖುಷಿಯಾಯಿತು. ಇದು ನಿಮ್ಮ ಪ್ರಶ್ನೆಗೆ ಉತ್ತರ ಅಂತ ನಾನು ಹೇಳುವುದಿಲ್ಲ. ಕೇಳಲು ಧೈರ್ಯ ಕೊಡುವಷ್ಟು ಕಾರಣ ಇದೆ, ಅಷ್ಟೇ.

ಈಗ ಅಡುಗೆಮನೆಗೆ ಬರೋಣ.

ನಿಮ್ಮ ಚಾಕಲೇಟಿಗೆ ಬಂದ ಬಿಳಿ ಬೂಸ್ಟು ಅಲ್ಲ. ತಿಂದರೆ ಏನೂ ಆಗುವುದಿಲ್ಲ, ಅವರು ಎಲ್ಲವನ್ನೂ ತಿಂದು ಚೆನ್ನಾಗೇ ಇದ್ದಾರಲ್ಲ. ಈ ಬಿಳಿಯಲ್ಲಿ ಎರಡು ಬಗೆ. ಬೆರಳಿಂದ ಉಜ್ಜಿದರೆ ನುಣ್ಣಗೆ ಇದ್ದು ಕರಗಿ ಮಾಯವಾದರೆ ಅದು ಕೊಬ್ಬಿನ ಬಿಳಿ. ಒರಟಾಗಿ, ಸಣ್ಣ ಮರಳು ತಾಗಿದಂತೆ ಇದ್ದರೆ ಅದು ಸಕ್ಕರೆಯ ಬಿಳಿ. ಎರಡನೆಯದು ತೇವದಿಂದ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಚಾಕಲೇಟಿನ ಮೇಲೆ ನೀರಿನ ಪಸೆ ಕೂರುತ್ತದೆ, ಮೇಲಿನ ಸಕ್ಕರೆ ಅದರಲ್ಲಿ ಕರಗುತ್ತದೆ, ಆಮೇಲೆ ನೀರು ಆರಿ ಸಕ್ಕರೆಯಷ್ಟೇ ಉಳಿಯುತ್ತದೆ. ನಿಮ್ಮದು ಮೂರನೇ ದಿನಕ್ಕೆ ಮೇಲೆಲ್ಲ ಬಂತು ಅಂದಿದ್ದೀರಿ. ಹಾಗಿದ್ದರೆ ಬಹುಶಃ ಕೊಬ್ಬಿನದೇ.

ಅದಕ್ಕೆ ಕಾರಣ ಇಷ್ಟು. ಚಾಕಲೇಟಿನಲ್ಲಿರುವ ಕೋಕೋ ಬಟರ್, ಅಂದರೆ ಕೋಕೋ ಬೀಜದ ಕೊಬ್ಬು, ಗಟ್ಟಿಯಾಗುವಾಗ ಹರಳುಗಟ್ಟುತ್ತದೆ. ಆ ಹರಳು ಆರು ಬಗೆಯಲ್ಲಿ ಕೂಡಬಹುದು. ಒಂದೊಂದು ಬಗೆಯೂ ಕರಗುವ ಶಾಖ ಬೇರೆ. ನಮಗೆ ಬೇಕಾದದ್ದು ಐದನೆಯದು. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಅಂದರೆ ಕೈಯಲ್ಲಿ ಹಿಡಿದ ಕೂಡಲೇ ಕರಗದು, ಬಾಯಿಗೆ ಹಾಕಿದರೆ ಕರಗುತ್ತದೆ. ಮುರಿದರೆ ಟಕ್ ಅನ್ನುವುದು, ಹೊಳೆಯುವುದು ಎಲ್ಲ ಅದರಿಂದಲೇ. ಸುಮ್ನೆ ಕರಗಿಸಿ ಅಚ್ಚಿಗೆ ಹೊಯ್ದರೆ ಬೇರೆ ದುರ್ಬಲ ಹರಳುಗಳೂ ಸೇರಿಕೊಳ್ಳುತ್ತವೆ. ಅವು ದಿನ ಕಳೆದಂತೆ ತಾವೇ ಬದಲಾಗಲು ಶುರುಮಾಡುತ್ತವೆ. ಆ ಗಲಾಟೆಯಲ್ಲಿ ಕೊಬ್ಬು ಮೇಲಕ್ಕೆ ಬಂದು ಬಿಳಿಯಾಗಿ ಕೂರುತ್ತದೆ. ಹಾಗಾಗದ ಹಾಗೆ ಶಾಖವನ್ನು ಏರಿಸಿ, ಇಳಿಸಿ, ಮತ್ತೆ ಸ್ವಲ್ಪ ಏರಿಸುವುದಕ್ಕೆ ಟೆಂಪರಿಂಗ್ ಅನ್ನುತ್ತಾರೆ. ನೀವು ಕಲಿಯಬೇಕಾದದ್ದು ಈ ಒಂದೇ ವಿದ್ಯೆ.

ಮೊದಲು ಚಾಕಲೇಟ್ ಕೊಳ್ಳುವಾಗ ಲೇಬಲ್ ಓದಿ. ‘ಕಾಂಪೌಂಡ್’ ಅಂತ ಮಾರುವುದರಲ್ಲಿ ಕೋಕೋ ಬಟರ್ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅದಕ್ಕೆ ಟೆಂಪರಿಂಗ್ ಬೇಡ, ಕರಗಿಸಿ ಹೊಯ್ದರೆ ಆಯಿತು. ಊಟಿ, ಮಡಿಕೇರಿ ಅಂಗಡಿಗಳಲ್ಲಿ ‘ಹೋಮ್‌ಮೇಡ್’ ಅಂತ ಸಿಗುವ ಎಷ್ಟೋ ಚಾಕಲೇಟ್ ಇದರಲ್ಲೇ ಮಾಡಿದ್ದು. ಮಕ್ಕಳ ಹುಟ್ಟುಹಬ್ಬಕ್ಕೆ ಅದು ಸಾಕು. ಆದರೆ ಅದು ನಾಲಿಗೆಗೆ ಮೇಣ ಮೆತ್ತಿದ ಹಾಗಾಗುತ್ತದೆ. ನಿಮ್ಮ ಕೆಲಸಕ್ಕೆ ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ‘ಕೂವರ್ಚರ್’ ಅಂತ ಸಿಗುವುದನ್ನು ಕೊಳ್ಳಿ. ಅದರಲ್ಲಿ ಕೋಕೋ ಬಟರ್ ಜಾಸ್ತಿ ಇರುತ್ತದೆ. ಡಾರ್ಕ್ ಆದರೆ 55 ಶೇಕಡಾ ಆಸುಪಾಸಿನದು, ಹಾಲಿನದು ಸ್ವಲ್ಪ. ಅರ್ಧ ಕಿಲೋಗಿಂತ ಕಡಿಮೆ ಕರಗಿಸಬೇಡಿ. ಸ್ವಲ್ಪವೇ ಇದ್ದರೆ ಬೇಗ ಬೇಗ ತಣ್ಣಗಾಗಿ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಉಳಿದದ್ದು ಹಾಳಾಗುವುದಿಲ್ಲ, ಮತ್ತೆ ಕರಗಿಸಬಹುದು. ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಅದಿಲ್ಲದೆ ಮಾಡುತ್ತೇನೆ ಅನ್ನುವವರು ಇದ್ದಾರೆ, ಮಾಡಲಿ. ನೀವು ಕೊಂಡುಕೊಳ್ಳಿ.

ಡಿಸೆಂಬರಿನಲ್ಲಿ ಬೆಂಗಳೂರು ಚಾಕಲೇಟಿಗೆ ಬಹಳ ಒಳ್ಳೆಯ ಊರು. ಹಗಲು 26-27 ಡಿಗ್ರಿ, ರಾತ್ರಿ 15-16ಕ್ಕೆ ಇಳಿಯುತ್ತದೆ. ಎ.ಸಿ. ಬೇಕಾಗಿಲ್ಲ. ಬೆಳಗ್ಗೆ ಬೇಗ ಎದ್ದು ಮಾಡಿ, ಇಲ್ಲ ರಾತ್ರಿ ಊಟ ಆದ ಮೇಲೆ ಕಿಟಕಿ ತೆಗೆದಿಟ್ಟು ಮಾಡಿ. ಅವತ್ತು ಅಡುಗೆಮನೆಯಲ್ಲಿ ಅನ್ನ ಇಡಬೇಡಿ, ಕುಕ್ಕರ್ ಕೂಗಿಸಬೇಡಿ. ಆವಿಯೇ ಚಾಕಲೇಟಿನ ಶತ್ರು. ಕರಗಿದ ಚಾಕಲೇಟಿಗೆ ನಾಲ್ಕು ಹನಿ ನೀರು ಬಿದ್ದರೂ ಅದು ಮುದ್ದೆಯಾಗಿ ಕೂರುತ್ತದೆ. ಪಾತ್ರೆ, ಚಮಚ, ಕೈ ಎಲ್ಲ ಒಣಗಿರಬೇಕು.

ಡಾರ್ಕ್ ಚಾಕಲೇಟನ್ನು ಸಣ್ಣಗೆ ಹೆಚ್ಚಿ. ಮೂರರಲ್ಲಿ ಎರಡು ಪಾಲು ಒಂದು ಬೋಗುಣಿಗೆ ಹಾಕಿ. ಉಳಿದ ಒಂದು ಪಾಲು ಪಕ್ಕಕ್ಕಿಡಿ. ಬೋಗುಣಿಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿ, ತಳ ನೀರಿಗೆ ತಾಗಬಾರದು. ಮೈಕ್ರೋವೇವ್ ಇದ್ದರೆ 30 ಸೆಕೆಂಡಿಗೊಮ್ಮೆ ತೆಗೆದು ಕಲಕುತ್ತ ಕರಗಿಸಿ, ಕೊನೆಕೊನೆಗೆ 10-15 ಸೆಕೆಂಡ್ ಸಾಕು. 45ರಿಂದ 50 ಡಿಗ್ರಿಗೆ ಬರಲಿ. ಅಲ್ಲಿ ಹಳೆಯ ಹರಳುಗಳೆಲ್ಲ ಕರಗುತ್ತವೆ. ಕೆಳಗಿಳಿಸಿ, ಪಾತ್ರೆಯ ತಳ ಒರೆಸಿ. ಆಮೇಲೆ ಪಕ್ಕಕ್ಕಿಟ್ಟ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾ ಇರಿ. ಆ ಚೂರಿನಲ್ಲಿ ನಮಗೆ ಬೇಕಾದ ಐದನೇ ಬಗೆಯ ಹರಳು ಆಗಲೇ ಇದೆ. ಅದನ್ನು ನೋಡಿ ಉಳಿದದ್ದೂ ಹಾಗೇ ಕೂಡಿಕೊಳ್ಳುತ್ತದೆ. 28 ಡಿಗ್ರಿವರೆಗೆ ಇಳಿಸಿ. ಆಮೇಲೆ ಬಿಸಿನೀರಿನ ಮೇಲೆ ಐದಾರು ಸೆಕೆಂಡ್ ಹಿಡಿದು 31-32ಕ್ಕೆ ತನ್ನಿ. ಕೆಲಸವೆಲ್ಲ ಈ ಶಾಖದಲ್ಲಿ. 33 ದಾಟಿದರೆ ಕಟ್ಟಿದ ಹರಳು ಕರಗಲು ಶುರುವಾಗುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ಹಾಲಿನ ಚಾಕಲೇಟಿಗೆ ಎಲ್ಲ ಸ್ವಲ್ಪ ಕಡಿಮೆ: 45ಕ್ಕೆ ಕರಗಿಸಿ, 27ಕ್ಕೆ ಇಳಿಸಿ, 29-30ರಲ್ಲಿ ಕೆಲಸ ಮಾಡಿ.

ಸರಿಯಾಗಿದೆಯಾ ಅಂತ ನೋಡಲು ಚಾಕುವಿನ ತುದಿ ಅದ್ದಿ ಹೊರಗಿಡಿ. ಐದು ನಿಮಿಷದೊಳಗೆ ಗಟ್ಟಿಯಾಗಿ, ಒಂದೇ ಸಮ ಹೊಳೆದರೆ ಮುಂದುವರಿಯಿರಿ. ಗೆರೆಗೆರೆ ಕಂಡರೆ, ಅಂಟಂಟು ಅನಿಸಿದರೆ ಇನ್ನಷ್ಟು ಚೂರು ಹಾಕಿ ಕಲಕಿ. ಈ ಪರೀಕ್ಷೆ ಬಿಡಲೇಬೇಡಿ. ಬೇಸರ ಬಂದು ‘ಇಷ್ಟು ಸಾಕು’ ಅನ್ನಿಸುವುದು ಇಲ್ಲೇ, ಚಾಕಲೇಟ್ ಕೆಡುವುದೂ ಇಲ್ಲೇ.

ಇನ್ನು ರುಚಿ. ಕುಸ್ವಾರ್ ತಟ್ಟೆಯಲ್ಲಿ ಏನೇನಿರುತ್ತದೆ ಅಂತ ನಿಮಗೆ ಈಗ ಗೊತ್ತು. ಎಳ್ಳು, ಕೊಬ್ಬರಿ, ಒಣದ್ರಾಕ್ಷಿ ತುಂಬಿದ, ಕರ್ಜಿಕಾಯಿಯಂಥ ನೇವ್ರಿ, ಸಕ್ಕರೆ ಲೇಪದ ಕಿಡ್ಯೊ, ರೋಸ್ ಕುಕೀಸ್. ನಿಮಗೆ ಅದನ್ನೆಲ್ಲ ಚಾಕಲೇಟಿನಲ್ಲಿ ತರಬೇಕು ಅನಿಸಬಹುದು. ಪೂರ್ತಿ ಹಾಗೆ ಮಾಡಬೇಡಿ. ಆ ತಿಂಡಿ ಅವರಿಗೆ ಅಮ್ಮನ ಕೈಯದು. ಅದರ ಜೊತೆ ಪೈಪೋಟಿ ಯಾಕೆ? ಅರ್ಧ ಅವರ ಊರಿನದಾಗಲಿ, ಅರ್ಧ ನಿಮ್ಮ ಊರಿನದು. ಪ್ರೀತಿ ಹೇಳಿಕೊಳ್ಳಲು ಹೊರಟವರು ತಮ್ಮದೂ ಏನಾದರೂ ಕೊಡಬೇಕು ಅಂತ ನನಗೆ ಅನ್ನಿಸುತ್ತದೆ.

ಮೊದಲ ಬಗೆಗೆ ಅಚ್ಚೇ ಬೇಡ. ಫ್ರಾನ್ಸಿನಲ್ಲಿ ಕ್ರಿಸ್ಮಸ್‌ಗೆ ‘ಮಾಂದಿಯಾಂ’ ಅಂತ ಒಂದು ಚಾಕಲೇಟ್ ಮಾಡುತ್ತಾರೆ. ಕರಗಿದ ಚಾಕಲೇಟಿನ ಸಣ್ಣ ಬಿಲ್ಲೆ, ಮೇಲೆ ನಾಲ್ಕು ಬಗೆಯ ಒಣಹಣ್ಣು ಮತ್ತು ಬೀಜ. ಭಿಕ್ಷೆ ಬೇಡಿ ಬದುಕುತ್ತಿದ್ದ ನಾಲ್ಕು ಕ್ರೈಸ್ತ ಸಂನ್ಯಾಸಿ ಪಂಥಗಳಿಗೆ ಒಂದೊಂದು. ಅವರ ನಿಲುವಂಗಿಯ ಬಣ್ಣ ನೋಡಿ ಒಣದ್ರಾಕ್ಷಿ ಡೊಮಿನಿಕನ್ನರಿಗೆ, ಅಂಜೂರ ಫ್ರಾನ್ಸಿಸ್ಕನ್ನರಿಗೆ, ಬಾದಾಮಿ ಕಾರ್ಮೆಲೈಟರಿಗೆ, ಹೇಜಲ್‌ನಟ್ ಅಗಸ್ಟೀನಿಯನ್ನರಿಗೆ ಅಂತ ಹಂಚಿದ್ದಾರೆ. ಮಂಗಳೂರಿನ ಕಥೊಲಿಕ್ ಮನೆಯವರಿಗೆ ಈ ಕತೆ ಹೇಳಿದರೆ ಖಂಡಿತ ಖುಷಿಪಡುತ್ತಾರೆ. ನನ್ನ ತರಗತಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಇದರಲ್ಲಿ ಸೋಲುವುದು ಕಷ್ಟ.

ಬೇಕಿಂಗ್ ಹಾಳೆಯ ಮೇಲೆ ಒಂದೊಂದು ಸಣ್ಣ ಚಮಚ ಡಾರ್ಕ್ ಚಾಕಲೇಟ್ ಬಿಡಿ. ಚಮಚದ ಬೆನ್ನಿಂದ ದುಂಡಗೆ ಹರಡಿ. ಒಂದು ಸಲಕ್ಕೆ ಐದಾರು ಬಿಲ್ಲೆ ಸಾಕು. ಜಾಸ್ತಿ ಹೊಯ್ದರೆ ಮೇಲೆ ಜೋಡಿಸುವ ಮೊದಲೇ ಗಟ್ಟಿಯಾಗುತ್ತದೆ. ಮೇಲೆ ಒಣದ್ರಾಕ್ಷಿ, ಅಂಜೂರದ ಚೂರು, ಹುರಿದ ಬಾದಾಮಿ ಇಡಿ. ಹೇಜಲ್‌ನಟ್ ಬದಲು ಅವರ ಕರಾವಳಿಯ ಗೋಡಂಬಿ ಇರಲಿ. ಗೋಡಂಬಿಯನ್ನು ತುಪ್ಪದಲ್ಲಿ ಹುರಿಯಬೇಡಿ, ಒಣ ಬಾಣಲೆಯಲ್ಲೇ ಹುರಿಯಿರಿ. ಬೇರೆ ಕೊಬ್ಬು ಚಾಕಲೇಟಿಗೆ ಸೇರಿದರೆ ಮತ್ತೆ ಬಿಳಿ ಬರುತ್ತದೆ. ಸ್ವಲ್ಪ ಹುಳಿ ಬೇಕಿದ್ದರೆ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ನುಣ್ಣಗೆ ಪುಡಿ ಮಾಡಿ ಒಂದು ಚಿಟಿಕೆ ಉದುರಿಸಿ. ಅಡುಗೆಗೆ ಮಾರುವ ಸಿಪ್ಪೆಗೆ ಕೆಲವೊಮ್ಮೆ ಉಪ್ಪು ಹಾಕಿರುತ್ತಾರೆ, ಕೇಳಿ ಉಪ್ಪಿಲ್ಲದ್ದನ್ನು ತನ್ನಿ. ಡಾರ್ಕ್ ಚಾಕಲೇಟಿಗೂ ಪುನರ್ಪುಳಿಗೂ ಇರುವ ಹೊಂದಾಣಿಕೆ ನೋಡಿದರೆ ಇದನ್ನು ಇನ್ನೂ ಜಾಸ್ತಿ ಜನ ಯಾಕೆ ಮಾಡುವುದಿಲ್ಲ ಅನ್ನಿಸುತ್ತದೆ.

ಕೋಕೋ ನಿಬ್ಸ್ ಸಿಕ್ಕರೆ ಎರಡು ಬಿಲ್ಲೆಗೆ ಅದನ್ನೂ ಹಾಕಿ. ಹುರಿದು ಸಿಪ್ಪೆ ತೆಗೆದು ಒಡೆದ ಕೋಕೋ ಬೀಜದ ಚೂರು ಅದು, ಸ್ವಲ್ಪ ಕಹಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಕೋಕೋ ಬೆಳೆಯುತ್ತಾರೆ. ಬೆಳೆದವರಿಗೆ ಕೊಳ್ಳುವವರು ಸಿಗದೆ ಕಷ್ಟವಾದಾಗ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಮುಂದೆ ಬಂದು ಕೋಕೋ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಶುರುಮಾಡಿತು. ಆ ಕಡೆಯ ಹುಡುಗನಿಗೆ ಕೊಡುವ ಚಾಕಲೇಟಿನಲ್ಲಿ ಆ ಕಡೆಯ ಬೀಜದ ಒಂದು ಚೂರು ಇದ್ದರೆ ಚೆಂದ ಅಲ್ವಾ?

ಎರಡನೆಯದು ನೇವ್ರಿ ಹೂರಣದ ನೆನಪಿನದು. ಬಿಳಿ ಎಳ್ಳು 75 ಗ್ರಾಂ ಚಟಪಟ ಅನ್ನುವವರೆಗೆ ಹುರಿದು, ಆರಿಸಿ, ಅರ್ಧ ಪುಡಿ ಮಾಡಿ. ಒಣ ಕೊಬ್ಬರಿ ತುರಿ 50 ಗ್ರಾಂ ಬೆಚ್ಚಗೆ ಹುರಿಯಿರಿ. ನಾಲ್ಕು ಏಲಕ್ಕಿ ಪುಡಿ ಮಾಡಿ. ಟೆಂಪರ್ ಮಾಡಿದ ಹಾಲಿನ ಚಾಕಲೇಟ್ 150 ಗ್ರಾಂಗೆ ಇದನ್ನೆಲ್ಲ ಕಲಸಿ. ಎಳ್ಳು ಕೊಬ್ಬರಿ ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಟೆಂಪರ್ ಹಾಳಾಗುತ್ತದೆ. ಬೇಕಿಂಗ್ ಹಾಳೆ ಹಾಸಿದ ತಟ್ಟೆಗೆ ಒತ್ತಿ, ಮುಕ್ಕಾಲು ಗಟ್ಟಿಯಾದಾಗ ಚೌಕ ಕತ್ತರಿಸಿ, ಡಾರ್ಕ್ ಚಾಕಲೇಟಿನಲ್ಲಿ ಮುಳುಗಿಸಿ ಫೋರ್ಕಿನಿಂದ ಎತ್ತಿಡಿ. ಹಸಿ ತೆಂಗಿನಕಾಯಿ ಹಾಕಲೇಬೇಡಿ, ನೀರಿನಂಶಕ್ಕೆ ಎರಡು ದಿನದಲ್ಲಿ ಹಳಸುತ್ತದೆ. ಎಳ್ಳೆಣ್ಣೆ ನಿಧಾನವಾಗಿ ಹೊರಗಿನ ಚಾಕಲೇಟಿಗೆ ಹತ್ತುತ್ತದೆ, ಆದ್ದರಿಂದ ಇದನ್ನು ಹತ್ತು ದಿನದೊಳಗೆ ತಿಂದು ಮುಗಿಸಬೇಕು. ಅವರ ಹಳೆಯ ವೇಗ ನೋಡಿದರೆ ಆ ಚಿಂತೆ ಬೇಡ.

ಕೆನೆ ಹಾಕಿದ ಗನಾಶ್ ಮಾಡಲಾ ಅಂತ ನೀವು ಯೋಚಿಸುತ್ತಿರಬಹುದು. ಈ ಸಲ ಬೇಡ. ಅದು ಫ್ರಿಜ್ಜಿನಲ್ಲೇ ಇರಬೇಕು, ಒಂದು ವಾರದೊಳಗೆ ಮುಗಿಯಬೇಕು, ಊರಿಗೆ ಒಯ್ಯಲು ಆಗುವುದಿಲ್ಲ.

ಮೂರನೆಯದು ನಿಮ್ಮದು: ಕಾಫಿ. ಸಕಲೇಶಪುರದವರು ಕಾಫಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಚಿಕೋರಿ ಬೆರೆಸದ ಪುಡಿ ಬೇಕು. ಆದಷ್ಟು ನುಣ್ಣಗೆ ಪುಡಿ ಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, 200 ಗ್ರಾಂ ಡಾರ್ಕ್ ಚಾಕಲೇಟಿಗೆ 6 ಗ್ರಾಂ ಹಾಕಿ. ಅಚ್ಚಿನಲ್ಲಿ ಹೊಯ್ದು, ಗಾಳಿ ಗುಳ್ಳೆ ಹೋಗುವ ಹಾಗೆ ಮೇಜಿಗೆ ಕುಟ್ಟಿ. ಅಚ್ಚು ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಮೊದಲೇ ಹತ್ತಿಯಿಂದ ಚೆನ್ನಾಗಿ ಒರೆಸಿ, ಹೊಳಪು ಬರುವುದು ಆ ಒರೆಸುವಿಕೆಯಿಂದ. ಗಟ್ಟಿಯಾಗುವಾಗ ಚಾಕಲೇಟ್ ತಾನೇ ಶಾಖ ಬಿಡುತ್ತದೆ, ಅದಕ್ಕೆ ಅಚ್ಚನ್ನು 10-15 ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದೇ. ಅದಕ್ಕಿಂತ ಜಾಸ್ತಿ ಇಟ್ಟರೆ ಪಸೆ ಕೂರುತ್ತದೆ. ಆಮೇಲೆ ಎಲ್ಲವನ್ನೂ ಗಾಳಿಯಾಡದ ಡಬ್ಬದಲ್ಲಿ ಹಾಕಿ ಮನೆಯ ತಣ್ಣಗಿನ ಮೂಲೆಯಲ್ಲಿಡಿ. ಫ್ರಿಜ್ಜಿನ ತಲೆಯ ಮೇಲೆ ಇಡಬೇಡಿ, ಆ ಜಾಗ ಬೆಚ್ಚಗಿರುತ್ತದೆ.

ಒಟ್ಟು ಹದಿನೈದು ಹದಿನಾರು ಚಾಕಲೇಟ್ ಸಾಕು. ಐವತ್ತು ಮಾಡಿದರೆ ಅದು ಹಂಚುವ ತಿಂಡಿ ಆಗುತ್ತದೆ. ಕೆಲವನ್ನೇ ಚೆನ್ನಾಗಿ ಮಾಡಿದರೆ ಅದು ಒಬ್ಬರಿಗಾಗಿ ಮಾಡಿದ್ದು ಅಂತ ಗೊತ್ತಾಗುತ್ತದೆ. ಅಂದ ಹಾಗೆ, ಅವರಿಗೆ ಎಳ್ಳು, ಬಾದಾಮಿ, ಗೋಡಂಬಿ ಒಗ್ಗುತ್ತದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಈಗ ಕೊಡುವ ವಿಷಯ. ಇದರ ಬಗ್ಗೆ ನನಗೆ ಹೇಳಲಿಕ್ಕೆ ಜಾಸ್ತಿ ಇದೆ.

ಆ ಸ್ಟೀಲ್ ಡಬ್ಬದಲ್ಲಿ ಈ ಚಾಕಲೇಟ್ ಹಾಕಬೇಡಿ. ಯಾಕೆ ಅಂದರೆ ಡಬ್ಬ ಖಾಲಿ ವಾಪಸ್ ಹೋಗಬಾರದು ಅನ್ನುವ ನಿಯಮವನ್ನು ನೀವಿಬ್ಬರೂ ಒಂದು ವರ್ಷ ಪಾಲಿಸಿದ್ದೀರಿ. ಡಬ್ಬದಲ್ಲಿ ಕೊಟ್ಟರೆ ಅವರು ಏನಾದರೂ ತುಂಬಿ ಕೊಡಲೇಬೇಕು. ತಿಂಡಿಗೆ ತಿಂಡಿ ಕೊಡುವುದು ಸುಲಭ. ಪ್ರೀತಿಗೆ ಉತ್ತರ ಕೊಡುವುದು ಹಾಗಲ್ಲ. ‘ಇಲ್ಲ’ ಅನ್ನಬೇಕಾದವರು ಆ ಡಬ್ಬ ಹಿಡಿದು ಮೆಟ್ಟಿಲು ಇಳಿಯುವುದು ಹೇಗೆ? ಅದಕ್ಕೇ ಎರಡನ್ನೂ ಬೇರೆ ಮಾಡಿ. ಡಬ್ಬಕ್ಕೆ ಚಕ್ಕುಲಿಯೋ ಕೊಬ್ಬರಿ ಮಿಠಾಯಿಯೋ ತುಂಬಿ ಎಂದಿನ ಹಾಗೆ ಕೊಟ್ಟುಬಿಡಿ. ಅದರ ಲೆಕ್ಕ ಅದರದು, ಅದು ಏನೇ ಆದರೂ ಓಡಾಡಲಿ. ಚಾಕಲೇಟ್ ಮಾತ್ರ ಒಂದು ಕಾಗದದ ಪೆಟ್ಟಿಗೆಯಲ್ಲಿ ಕೊಡಿ. ಅದು ವಾಪಸ್ ಬರಬೇಕಾಗಿಲ್ಲ.

ಚೀಟಿ ಪೆಟ್ಟಿಗೆಯ ಒಳಗೆ ಇಡಬೇಡಿ, ಬೇರೆ ಲಕೋಟೆಯಲ್ಲಿ ಕೈಗೆ ಕೊಡಿ. ಕ್ರಿಸ್ಮಸ್ ಮನೆಯಲ್ಲಿ ತಿಂಡಿಯ ಪೆಟ್ಟಿಗೆ ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಅಮ್ಮ, ಅಕ್ಕ, ಪಕ್ಕದ ಮನೆಯ ಆಂಟಿ, ಮಕ್ಕಳು ಎಲ್ಲರೂ ಕೈ ಹಾಕುತ್ತಾರೆ. ಅವರು ಮನೆಯಲ್ಲಿ ತಮ್ಮ ಬಗ್ಗೆ ಹೇಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಹೇಳಿರದಿದ್ದರೆ ಅದನ್ನು ಹೇಳುವುದು ಅವರಿಗೆ ಬಿಟ್ಟದ್ದು. ನಿಮ್ಮ ಚೀಟಿಯಿಂದ ಅದು ಹೊರಬೀಳಬಾರದು. ಹಾಗೇ ಲಿಫ್ಟಿನಲ್ಲಿ, ಗೇಟಿನ ಹತ್ತಿರ, ಮನೆ ಮಾಲೀಕರ ಎದುರು ಕೊಡಬೇಡಿ. ನೀವು ಮಾತಾಡಿಕೊಳ್ಳುವ ಟೆರೇಸೇ ಇದೆಯಲ್ಲ.

ಚೀಟಿಯಲ್ಲಿ ಏನು ಬರೆಯುವುದು? ಪದ್ಯ ಬೇಡ. ಇಂಟರ್ನೆಟ್ಟಿನಲ್ಲಿ ಹುಡುಕಿದ ಕೊಂಕಣಿ ಸಾಲೂ ಬೇಡ. ನೀವಿಬ್ಬರೂ ಯಾವ ಭಾಷೆಯಲ್ಲಿ ನಗುತ್ತೀರೋ ಅದರಲ್ಲೇ ಬರೆಯಿರಿ. ನಾನಾದರೆ ಇಷ್ಟು ಬರೆಯುತ್ತಿದ್ದೆ: ‘ನಿನ್ನ ಮೇಲೆ ನನಗೆ ಮನಸ್ಸಾಗಿದೆ, ಬರೀ ಸ್ನೇಹ ಅಲ್ಲ. ನಿನಗೂ ಹಾಗೆ ಅನ್ನಿಸಿದರೆ ಊರಿಂದ ಬಂದ ಮೇಲೆ ಹೇಳು. ಅನ್ನಿಸದಿದ್ದರೂ ಹೇಳು, ಡಬ್ಬ ಮೊದಲಿನ ಹಾಗೇ ಓಡಾಡಲಿ.’ ಇದರಲ್ಲಿ ನೀವು ಹೇಳಬೇಕಾದದ್ದು ಇದೆ, ಅವರಿಗೆ ಯೋಚಿಸಲು ಸಮಯ ಇದೆ, ಬೇಡ ಅನ್ನಲು ದಾರಿಯೂ ಇದೆ. ನೀವು ಇದನ್ನು ನಿಮ್ಮ ಮಾತಿನಲ್ಲಿ ಬದಲಾಯಿಸಿಕೊಳ್ಳಿ. ‘ಮನಸ್ಸಾಗಿದೆ’ ಅನ್ನುವ ಭಾಗ ಮಾತ್ರ ಬಿಡಬೇಡಿ. ‘ನೀನು ನನಗೆ ತುಂಬ ಸ್ಪೆಷಲ್’ ಅಂತ ಬರೆದರೆ ಆ ಪಾಪದ ಹುಡುಗ ಹೊಸ ವರ್ಷದವರೆಗೆ ಅದರ ಅರ್ಥ ಯೋಚಿಸುತ್ತ ಕೂರಬೇಕಾಗುತ್ತದೆ.

ಇಷ್ಟು ನೇರವಾಗಿ ಬರೆದುಕೊಡಿ ಅಂತ ನಾನು ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಪ್ಪಿದ ವಯಸ್ಕರ ನಡುವಿನ ಇಂಥ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ, ಆ ನೋವು ನನಗೂ ನನ್ನ ಸಂಗಾತಿಗೂ ಇದೆ. ಆದರೆ ಒಂದು ಚೀಟಿ ಬರೆದು, ಅದನ್ನು ಹೆದರಿಕೆ ಇಲ್ಲದೆ ಒಬ್ಬರ ಕೈಗೆ ಕೊಡುವ ಭಾಗ್ಯ ನಮಗಿಂತ ಹಿಂದಿನ ಎಷ್ಟೋ ಗಂಡಸರಿಗೆ ಇರಲಿಲ್ಲ. ನೀವು ಅದನ್ನು ಪೂರ್ತಿ ಬಳಸಿಕೊಳ್ಳಬೇಕು ಅಂತ ನನ್ನ ಆಸೆ.

ಅವರು ‘ಬೇಡ’ ಅಂದರೆ? ಬೇಜಾರಾಗುತ್ತದೆ. ಆದರೆ ಅವರು ಓಡಿಹೋಗುವವರಲ್ಲ ಅಂತ ನೀವು ಬರೆದಿದ್ದರಲ್ಲೇ ಕಾಣುತ್ತದೆ. ಬಿಳಿ ಬಂದ ಚಾಕಲೇಟನ್ನು ನಗುತ್ತ ಪೂರ್ತಿ ತಿಂದವರು, ಟೆರೇಸ್ ಮೇಲೆ ತಮ್ಮ ಬಗ್ಗೆ ತಾವೇ ಹೇಳಿಕೊಂಡವರು. ಸ್ವಲ್ಪ ದಿನ ಸಂಕೋಚ ಇರಬಹುದು, ಆಮೇಲೆ ಸರಿಹೋಗುತ್ತದೆ. ‘ಹೂಂ’ ಅಂದರೆ ಮುಂದಿನ ವರ್ಷ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಚಾಕಲೇಟ್ ಮಾಡಿ. ಒಬ್ಬರು ಕಲಕುವಾಗ ಇನ್ನೊಬ್ಬರು ಥರ್ಮಾಮೀಟರ್ ಹಿಡಿದರೆ ಈ ಕೆಲಸ ಎಷ್ಟು ಸುಲಭ ಅಂತ ಆಗ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ನಡೆಯುತ್ತದೆ, ಮತ್ತು ಥರ್ಮಾಮೀಟರ್ ಹಿಡಿದವರೇ ಜಾಸ್ತಿ ಚಾಕಲೇಟ್ ತಿನ್ನುತ್ತಾರೆ.

ಕೊನೆಯದಾಗಿ ದಿನ ನೋಡಿಕೊಳ್ಳಿ. ಕ್ರಿಸ್ಮಸ್ ಹಿಂದಿನ ರಾತ್ರಿಯ ಪೂಜೆಗೆ ಅವರು ಮಂಗಳೂರಿನಲ್ಲಿರುತ್ತಾರೆ, ಅಂದರೆ ಅದಕ್ಕೆ ಒಂದೆರಡು ದಿನ ಮುಂಚೆ ಹೊರಡಬಹುದು. ಯಾವತ್ತು ಅಂತ ಈಗಲೇ ಕೇಳಿ. ಹೊರಡುವ ನಾಲ್ಕು ದಿನ ಮುಂಚೆ ಚಾಕಲೇಟ್ ಮಾಡಿ. ಬಿಳಿ ಬರುವುದಿದ್ದರೆ ಅಷ್ಟರಲ್ಲಿ ಬಂದುಬಿಡುತ್ತದೆ, ಇನ್ನೊಮ್ಮೆ ಮಾಡಲು ನಿಮಗೆ ಒಂದು ರಾತ್ರಿ ಸಿಗುತ್ತದೆ. ಹೊರಡುವ ಹಿಂದಿನ ಸಂಜೆ ಕೊಡಿ, ಬಸ್ಸಿಗೆ ಓಡುವ ಹೊತ್ತಿನಲ್ಲಿ ಬೇಡ. ಮಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ 32 ಡಿಗ್ರಿ ದಾಟುತ್ತದೆ, ಚಾಕಲೇಟ್ ಮೆತ್ತಗಾಗಲು ಅಷ್ಟು ಸಾಕು. ಊರಿಗೆ ಒಯ್ಯುವುದಾದರೆ ರಾತ್ರಿ ಬಸ್ಸಿನಲ್ಲಿ ಚೀಲದ ನಡುವೆ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಲು ಹೇಳಿ. ಮನೆ ಮುಟ್ಟಿದ ಮೇಲೆ ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಲಿ. ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆದು, ಮುಚ್ಚಳ ತೆಗೆಯದೆ ಹಾಗೇ ಬಿಡಬೇಕು.